ಡಾಕ್ಟರ್ ಚೀಟಿಯ ಹಿಂದಿನ ಪಟ್ಟಿ: ನಮ್ಮ ತಾಟಿಗೆ ಅಕ್ಕಿ, ಸಕ್ಕರೆ, ಮೈದಾ ಬಂದ ಕಥೆ

ಹಲಬರ್ಗಾದಲ್ಲಿರುವ ನಮ್ಮ ಬಳಗದ ಒಬ್ಬರ ಅವ್ವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಚೀಟಿ ತಿರುಗಿಸಿ ಹಿಂದೆ ಒಂದು ಪಟ್ಟಿಯನ್ನೂ ಬರೆದರು. ಸಕ್ಕರೆ, ಬೆಲ್ಲ, ಅನ್ನ, ಆಲೂಗಡ್ಡೆ, ಸಾಬುದಾಣಿ, ಮೈದಾ, ಕರಿದದ್ದು, ಬಾಟಲಿ ಪಾನೀಯ. ಮೇಲೆ ಎರಡೇ ಶಬ್ದ: ‘ಕಡಿಮೆ ಮಾಡಿ’.

ಮನೆಯವರು ಪಟ್ಟಿ ಓದಿದರು, ಆದರೆ ಅದರಲ್ಲಿ ಮೊದಲನೆಯ ಶಬ್ದವನ್ನಷ್ಟೇ ಮನಸ್ಸಿಗೆ ಹಚ್ಚಿಕೊಂಡರು. ಚಹಾಕ್ಕೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿದರು. ರಾತ್ರಿ ಊಟ ‘ಹಗುರ’ ಇರಲಿ ಎಂದು ರೊಟ್ಟಿ ಬಿಟ್ಟು ಸುಸಲಾ ಮಾಡಿದರು. ಮುಂಜಾನೆ ಚಹಾದ ಜೊತೆ ಎರಡು ಟೋಸ್ಟ್. ಸೋಮವಾರ ಉಪವಾಸ, ಅವತ್ತು ಸಾಬುದಾಣಿ ಖಿಚಡಿ. ಮೂರು ತಿಂಗಳಾದ ಮೇಲೆ ರಕ್ತ ತೋರಿಸಿದರೆ ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಅವ್ವ ಕಣ್ಣೀರು ಹಾಕಿ ಹೇಳಿದ್ದು ಒಂದೇ ಮಾತು: “ಬಾಯಿ ಕಟ್ಟಿ ಕುಂತೀನಿ, ಆದ್ರೂ ಯಾಕ ಹಿಂಗ?”

ಆ ಚೀಟಿಯನ್ನು ಮುಂದಿಟ್ಟುಕೊಂಡು ನಾವು ಊರಿನ ಹಿರಿಯರ ಜೊತೆ ಮಾತಿಗೆ ಕುಳಿತೆವು. ಅವರಲ್ಲೊಬ್ಬರು ಪಟ್ಟಿ ಕೇಳಿ ನಕ್ಕುಬಿಟ್ಟರು. “ಇವೆಲ್ಲ ನಮ್ಮ ಸಣ್ಣಂದಿನಾಗ ಎಲ್ಲಿದ್ದವು? ಹಬ್ಬಕ್ಕೊಮ್ಮಿ ಅನ್ನ, ಬೀಗರು ಬಂದ್ರ ಸಕ್ಕರಿ.” ಈ ಬರಹ ಹುಟ್ಟಿದ್ದು ಆ ಮಾತಿನಿಂದ. ಡಾಕ್ಟರು ಬಿಡು ಎನ್ನುವ ಪದಾರ್ಥಗಳಲ್ಲಿ ಬಹುತೇಕ ಎಲ್ಲವೂ ನಮ್ಮ ದಿನನಿತ್ಯದ ತಾಟಿಗೆ ಎರಡು-ಮೂರು ತಲೆಮಾರಿನೊಳಗೆ ಬಂದವು. ಅವು ಹೇಗೆ ಬಂದವು ಎಂದು ತಿಳಿದರೆ, ಯಾವುದನ್ನು ಎಷ್ಟು ಹಿಂದಕ್ಕೆ ಸರಿಸಬೇಕು ಎನ್ನುವುದೂ ತಿಳಿಯುತ್ತದೆ.

ರೋಗ ಹಳೆಯದು, ಪಟ್ಟಿಯೂ ಹಳೆಯದು

ಸಕ್ಕರೆ ಕಾಯಿಲೆ ನಿನ್ನೆ ಮೊನ್ನೆ ಬಂದ ರೋಗ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗುರುತಿಸಿದ್ದರು. ‘ಮಧುಮೇಹ’ ಎಂಬ ಹೆಸರಿನಲ್ಲೇ ಜೇನಿನ ಸಿಹಿ ಇದೆ. ಚರಕ ಸಂಹಿತೆ ಈ ರೋಗದ ಕಾರಣಗಳನ್ನು ಹೇಳುವಾಗ ಕೂತು ಕಾಲ ಕಳೆಯುವ ಸುಖ, ಅತಿ ನಿದ್ದೆ, ಮೊಸರು, ಹೊಸ ಧಾನ್ಯ ಮತ್ತು ಬೆಲ್ಲದ ಪದಾರ್ಥಗಳನ್ನು ಹೆಸರಿಸುತ್ತದೆ. ಪಥ್ಯಕ್ಕೆ ಜವೆಗೋಧಿ ಹೇಳುತ್ತದೆ. ಸುಶ್ರುತ ಇನ್ನೂ ಮುಂದೆ ಹೋಗಿ, ಇದ್ದವರು ವ್ಯಾಯಾಮ ಮಾಡಲಿ, ಗತಿಯಿಲ್ಲದವರು ಊರೂರು ನಡೆಯಲಿ, ಬಾವಿ ತೋಡಲಿ ಎನ್ನುತ್ತಾನೆ. ಅಂದರೆ ಅವತ್ತಿಗೂ ಔಷಧ ಎರಡೇ: ಕಡಿಮೆ ಉಣ್ಣು, ಮೈ ಮುರಿದು ದುಡಿ.

1870ರಲ್ಲಿ ಪ್ರಶ್ಯದ ಸೈನ್ಯ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಹಾಕಿತು. ಊರೊಳಗೆ ಅನ್ನ ಆಹಾರ ಅಳೆದು ಕೊಡುವ ಪರಿಸ್ಥಿತಿ ಬಂತು. ಬುಷಾರ್ದಾ ಎಂಬ ಡಾಕ್ಟರು ಆಗ ಒಂದು ವಿಚಿತ್ರ ಕಂಡರು. ಊರೆಲ್ಲ ಹಸಿದಿತ್ತು, ಆದರೆ ಅವರ ಸಕ್ಕರೆ ಕಾಯಿಲೆಯ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದಿತ್ತು. ಊಟದ ಲೆಕ್ಕವೇ ಚಿಕಿತ್ಸೆ ಎಂಬ ಮಾತಿಗೆ ಯುರೋಪಿನಲ್ಲಿ ಬಲ ಬಂದದ್ದು ಹೀಗೆ. 1910ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಆಲನ್ ಎಂಬ ಡಾಕ್ಟರು ರೋಗಿಗಳನ್ನು ಹೆಚ್ಚುಕಡಿಮೆ ಉಪವಾಸವಿಟ್ಟು ಬದುಕಿಸಲು ನೋಡಿದರು. ಮಕ್ಕಳು ಎಲುಬಿನ ಗೂಡಾಗಿ ಕೆಲವು ತಿಂಗಳು, ಕೆಲವು ವರ್ಷ ಹೆಚ್ಚು ಬದುಕುತ್ತಿದ್ದರು, ಅಷ್ಟೆ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಚುಚ್ಚುಮದ್ದು ಕೊಟ್ಟರು. ಸಾಯುವ ಹಂತದಲ್ಲಿದ್ದ ಹುಡುಗ ಮತ್ತೆ 13 ವರ್ಷ ಬದುಕಿದ. ಅಲ್ಲಿಂದ ಈ ರೋಗ ಮರಣದಂಡನೆಯಾಗಿ ಉಳಿಯಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇವೆಂದರೆ, ಊಟ ಬದಲಿಸಿದರೆ ಗುಳಿಗೆ, ಸೂಜಿ ಬೇಡವೇ ಬೇಡ ಎಂಬ ಮಾತು ಈಗಲೂ ಮೊಬೈಲಿನಲ್ಲಿ ಹರಿದಾಡುತ್ತದೆ. ನೂರು ವರ್ಷದ ಹಿಂದೆ ಬರೀ ಊಟದ ಮೇಲೆ ಬಿಟ್ಟ ಮಕ್ಕಳ ಗತಿ ಏನಾಯಿತು ಎಂಬುದು ಇತಿಹಾಸದಲ್ಲಿದೆ. ಎಲ್ಲರ ರೋಗವೂ ಆ ಹುಡುಗನ ರೋಗದಂಥದ್ದಲ್ಲ, ನಿಜ. ಆದರೂ ಗುಳಿಗೆ ಬಿಡುವ ತೀರ್ಮಾನ ಡಾಕ್ಟರದ್ದೇ ಆಗಿರಲಿ.

ಜೋಳದ ತಾಟು

ಬೀದರ್ ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಕಾಲದಲ್ಲಿ ನಮ್ಮ ಕಡೆಯ ಬಡವರ, ಒಕ್ಕಲಿಗರ ಊಟ ಎಂದರೆ ಜೋಳ. ಕೂಲಿಯನ್ನೂ ಜೋಳದಲ್ಲಿ ಅಳೆದು ಕೊಡುತ್ತಿದ್ದರು. ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷವಿಡೀ ತೆಗೆದು ಉಣ್ಣುತ್ತಿದ್ದರು. ಮುಂಜಾನೆ ರೊಟ್ಟಿ-ಹಿಂಡಿ, ಮಧ್ಯಾಹ್ನ ಹೊಲದಲ್ಲಿ ರೊಟ್ಟಿ-ಪಲ್ಯ, ರಾತ್ರಿ ರೊಟ್ಟಿ ಅಥವಾ ನುಚ್ಚು, ಬ್ಯಾಳಿ. ಬೇಸಿಗೆಗೆ ಅಂಬಲಿ. ಪುಂಡಿ ಪಲ್ಯ, ಝುಣಕ, ಅಗಸಿ ಹಿಂಡಿ, ಶೇಂಗಾ ಹಿಂಡಿ. ಉದ್ದು, ಹೆಸರು, ತೊಗರಿ, ಕಡಲೆ ಹೊಲದಲ್ಲೇ ಬೆಳೆಯುತ್ತಿದ್ದವು.

ಎಳ್ಳ ಅಮಾವಾಸ್ಯೆಯ ಚರಗದ ಊಟ ಈಗಲೂ ಆ ತಾಟಿನ ನೆನಪು. ಅವತ್ತು ಮಾಡುವ ಭಜ್ಜಿಯಲ್ಲಿ ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿರುತ್ತವೆ. ಜೊತೆಗೆ ಸಜ್ಜೆ, ಜೋಳ, ಅಂಬಲಿ. ಇವತ್ತು ಪೇಟೆಯ ಡಯೆಟಿಷಿಯನ್ ಬರೆದುಕೊಡುವ ಊಟ ನೋಡಿದರೆ, ಭಜ್ಜಿಯ ಹತ್ತಿರದ ಸಂಬಂಧಿಯಂತೆ ಕಾಣುತ್ತದೆ.

ಹಾಗಂತ ಆ ಕಾಲವನ್ನು ನಾವು ಹೊಗಳಿ ಹಾಡುವುದಿಲ್ಲ. ಹಗೇವು ಖಾಲಿಯಾದ ಮೇಲೆ ಮಳೆಗಾಲದ ತಿಂಗಳುಗಳಲ್ಲಿ ಹಸಿವು ಇತ್ತು. 1972ರ ಬರವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ನೆರೆಯ ಮರಾಠವಾಡದಲ್ಲಿ ಆಗ ಹೊರದೇಶದ ಕೆಂಪು ಜೋಳ ಹಂಚಿದರು, ಬರದ ಕೆಲಸಕ್ಕೆ ಜನ ಕಲ್ಲು ಒಡೆದರು. ಹಳೆಯ ತಾಟಿನಲ್ಲಿ ಒಳ್ಳೆಯ ಕಾಳು ಇತ್ತು, ಆದರೆ ಬಹಳ ಮನೆಗಳಲ್ಲಿ ತಾಟು ತುಂಬುತ್ತಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಅಕ್ಕಿ ಬಂದ ದಾರಿ

ನಮ್ಮದು ಕಪ್ಪು ಮತ್ತು ಕೆಂಪು ಮಣ್ಣಿನ ಮಳೆಯಾಧಾರಿತ ಸೀಮೆ, ಭತ್ತದ ಸೀಮೆಯಲ್ಲ. ಆದ್ದರಿಂದ ಅನ್ನ ಇಲ್ಲಿ ಹಬ್ಬದ, ಮದುವೆಯ, ಬೀಗರ ಊಟ. ಅದು ದಿನದ ಊಟವಾದದ್ದು ರೇಷನ್ ಅಂಗಡಿಯ ಮೂಲಕ.

1965ರಲ್ಲಿ ಭಾರತ ಆಹಾರ ನಿಗಮ ಶುರುವಾಯಿತು. ಹಸಿರು ಕ್ರಾಂತಿಯಲ್ಲಿ ಹೆಚ್ಚು ಬೆಳೆದದ್ದು ಗೋಧಿ ಮತ್ತು ಭತ್ತ. ಸರ್ಕಾರ ಬೆಂಬಲ ಬೆಲೆ ಕೊಟ್ಟು ಹೆಚ್ಚಾಗಿ ಕೊಂಡದ್ದೂ ಅವನ್ನೇ. ಗೋದಾಮಿನಲ್ಲಿ ಏನಿತ್ತೋ ಅದೇ ರೇಷನ್ನಿಗೆ ಬಂತು. ನೆರೆಯ ಆಂಧ್ರದಲ್ಲಿ 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಟ್ಟ ಸುದ್ದಿ ಗಡಿಯ ಈಚೆಗೂ ಬಂತು. ಕರ್ನಾಟಕದಲ್ಲಿ 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾಯಿತು. ಬಿಪಿಎಲ್ ಕುಟುಂಬಕ್ಕೆ ಒಂದು ರೂಪಾಯಿಗೆ ಕಿಲೋದಂತೆ ತಿಂಗಳಿಗೆ 30 ಕಿಲೋವರೆಗೆ ಧಾನ್ಯ. ಮುಂದೆ ಅದು ಉಚಿತವಾಯಿತು.

ಅನ್ನಭಾಗ್ಯವನ್ನು ನಾವು ಹಗುರವಾಗಿ ಮಾತಾಡುವುದಿಲ್ಲ. ಅದು ನಮ್ಮ ಮನೆಗಳ ಮಳೆಗಾಲದ ಹಸಿವನ್ನು ತೆಗೆದಿದೆ. ಆದರೆ ತಾಟಿನಲ್ಲಿ ಒಂದು ಬದಲಾವಣೆಯೂ ಆಯಿತು. ಜೋಳ ಬೀಸಬೇಕು, ಹಿಟ್ಟು ನಾದಬೇಕು, ಬಡಿಯಬೇಕು, ಬೇಯಿಸಬೇಕು. ಅನ್ನಕ್ಕೆ ಕುಕ್ಕರಿನ ಮೂರು ಸೀಟಿ ಸಾಕು. ದಿನವಿಡೀ ಕೂಲಿ ಮಾಡಿ ಬಂದ ಹೆಣ್ಣುಮಗಳು ಯಾವುದನ್ನು ಆರಿಸಿಕೊಂಡಾಳು? ಇನ್ನೊಂದು ಕಡೆ ಹೊಲದಲ್ಲಿ ಜೋಳದ ಜಾಗಕ್ಕೆ ಸೋಯಾಬೀನ್ ಮತ್ತು ಕಬ್ಬು ಬಂದವು. ಸೋಯಾ ಮಾರುಕಟ್ಟೆಗೆ ಹೋಗುತ್ತದೆ, ಮನೆಯ ಒಲೆಗೆ ಬರುವುದಿಲ್ಲ. ಬೆಳೆಯದೆ ಇದ್ದ ಮೇಲೆ ಜೋಳವನ್ನು ಕೊಂಡು ತರಬೇಕು. ಉಚಿತ ಅಕ್ಕಿ ಮನೆಯಲ್ಲಿರುವಾಗ ದುಡ್ಡು ಕೊಟ್ಟು ಜೋಳ ತರುವವರು ಎಷ್ಟು ಮಂದಿ?

ಅಕ್ಕಿಗೂ ಜೋಳಕ್ಕೂ ವ್ಯತ್ಯಾಸ ಏನು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ನಾರು ಇದ್ದರೆ ಪಿಷ್ಟ ನಿಧಾನ ಕರಗುತ್ತದೆ, ರಕ್ತಕ್ಕೆ ಸಕ್ಕರೆ ನಿಧಾನ ಸೇರುತ್ತದೆ. 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು 62 ಆಹಾರಗಳನ್ನು ಜನರಿಗೆ ತಿನ್ನಿಸಿ, ಯಾವುದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ಅಳೆದರು. ಅದಕ್ಕೇ ಗ್ಲೈಸೆಮಿಕ್ ಇಂಡೆಕ್ಸ್ ಎನ್ನುತ್ತಾರೆ. ಬಾಯಿಗೆ ಸಿಹಿ ಹತ್ತದ ಪದಾರ್ಥವೂ ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸಬಹುದು ಎಂಬುದು ಆಗ ಅಂಕಿಯಲ್ಲಿ ಗೊತ್ತಾಯಿತು. ನಮ್ಮ ಸುಸಲಾ ಇದಕ್ಕೆ ಒಳ್ಳೆಯ ಉದಾಹರಣೆ. ಚುರುಮುರಿ ಕೈಗೆ ಹಗುರ, ಆದರೆ ಅದು ಉಬ್ಬಿಸಿದ ಅಕ್ಕಿಯೇ. ಹೊಟ್ಟೆಯಲ್ಲಿ ಬೇಗ ಕರಗಿ ಸಕ್ಕರೆಯಾಗುತ್ತದೆ. ಅವ್ವನ ರಾತ್ರಿ ಊಟ ತಪ್ಪಿದ್ದು ಇಲ್ಲಿಯೇ.

ಆದರೆ ಇನ್ನೊಂದು ಮಾತು. ಜೋಳ ಔಷಧವಲ್ಲ. ಅದರಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ‘ರೊಟ್ಟಿ ಒಳ್ಳೇದಂತ’ ಎಂದು ನಾಲ್ಕು ರೊಟ್ಟಿ ತಿಂದು ಮೇಲೆ ಒಂದು ತಾಟು ಅನ್ನ ಉಂಡರೆ ಯಾವ ಲಾಭವೂ ಇಲ್ಲ. ಅಜ್ಜ ನಾಲ್ಕು ರೊಟ್ಟಿ ತಿಂದು ಅರಗಿಸಿದ, ಯಾಕೆಂದರೆ ಅವನು ಎತ್ತಿನ ಹಿಂದೆ ದಿನಾ ಹತ್ತಾರು ಕಿಲೋಮೀಟರ್ ನಡೆದ. ನಾವು ಮೋಟಾರ್ ಸೈಕಲ್ ಮೇಲೆ ಹೊಲಕ್ಕೆ ಹೋಗಿ ಟ್ರ್ಯಾಕ್ಟರಿನವರಿಗೆ ದುಡ್ಡು ಕೊಟ್ಟು ಬರುತ್ತೇವೆ.

ಮಾಂಜ್ರಾ ನೀರು, ಕಬ್ಬು, ಸಕ್ಕರೆ

ಸಕ್ಕರೆಯ ಕಥೆ ನಮ್ಮ ಜಿಲ್ಲೆಗೆ ಬಹಳ ಹತ್ತಿರದ ಕಥೆ. ನಮ್ಮ ತಾಲ್ಲೂಕುಗಳನ್ನು ಹಾಯ್ದು ಹೋಗುವ ಮಾಂಜ್ರಾ ನದಿಗೆ ಕೆಳಗಡೆ ನಿಜಾಮ ಸರ್ಕಾರ ಒಂದು ದೊಡ್ಡ ಅಣೆಕಟ್ಟು ಕಟ್ಟಿತು. ಅದೇ ನಿಜಾಮ್ ಸಾಗರ. ಕೆಲಸ 1923ರಲ್ಲಿ ಶುರುವಾಗಿ 1931ರಲ್ಲಿ ಮುಗಿಯಿತು. ಆ ನೀರಿನ ಮೇಲೆ ಕಬ್ಬು ಬೆಳೆದು, 1937ರಲ್ಲಿ ಬೋಧನದಲ್ಲಿ ನಿಜಾಮ್ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಒಂದು ಕಾಲಕ್ಕೆ ಏಷ್ಯಾದಲ್ಲೇ ದೊಡ್ಡ ಸಕ್ಕರೆ ಕಾರ್ಖಾನೆ ಎಂದು ಅದಕ್ಕೆ ಹೆಸರಿತ್ತು.

ಮುಂದೆ ನಮ್ಮ ಜಿಲ್ಲೆಯಲ್ಲೇ ಸಹಕಾರಿ ಕಾರ್ಖಾನೆಗಳು ಎದ್ದವು. ಹುಮನಾಬಾದ್ ಕಡೆ ಹಳ್ಳಿಖೇಡದಲ್ಲಿ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ, ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ, ಬೀದರ್ ಹತ್ತಿರ ನಾರಂಜಾ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಕಾರಂಜಾ ಅಣೆಕಟ್ಟು ಬಂತು. ಕಬ್ಬು ನಮಗೆ ರೊಕ್ಕ ಕಾಣಿಸಿದ ಬೆಳೆ. ಬಿಲ್ಲು ಬಾಕಿ, ತೂಕದ ಜಗಳ ಎಲ್ಲ ಇದ್ದರೂ ಎಷ್ಟೋ ಮನೆಯ ಮಕ್ಕಳು ಓದಿದ್ದು ಕಬ್ಬಿನ ದುಡ್ಡಿನಿಂದ. ಗಾಣದ ಬೆಲ್ಲವೂ ಬೀದರ್ ಜಿಲ್ಲೆಯ ಹಳೆಯ ಹೆಸರು.

ಆದರೆ ಬಹಳ ಕಾಲ ಸಕ್ಕರೆ ಮನೆಯೊಳಗೆ ಅಳೆದು ಬರುವ ವಸ್ತುವಾಗಿತ್ತು. ರೇಷನ್ ಕಾರ್ಡಿಗೆ ಇಷ್ಟೇ ಎಂದು ಲೆವಿ ಸಕ್ಕರೆ ಕೊಡುತ್ತಿದ್ದರು. ಹಬ್ಬಕ್ಕೆ ಮುಂಚೆ ಅದಕ್ಕಾಗಿ ಸಾಲು ನಿಂತದ್ದು ನಮ್ಮ ತಾಯಂದಿರಿಗೆ ನೆನಪಿದೆ. ಸಕ್ಕರೆಯನ್ನು ದಿನದ ಪದಾರ್ಥ ಮಾಡಿದ್ದು ಚಹಾ. ಚಹಾ ಕೂಡ ನಮ್ಮದಲ್ಲ. ಬ್ರಿಟಿಷ್ ಸರ್ಕಾರ 1903ರಲ್ಲಿ ಚಹಾ ಸೆಸ್ ಹಾಕಿ ಆ ದುಡ್ಡನ್ನು ಪ್ರಚಾರಕ್ಕೆ ಬಳಸಿತು. 1930ರ ದಶಕದಲ್ಲಿ ಪ್ರಚಾರದ ತಂಡಗಳು ದೇಶದ ಊರುಗಳಲ್ಲಿ ಚಹಾ ಮಾಡಿ ತೋರಿಸಿ ಕುಡಿಸಿ ರೂಢಿ ಹಚ್ಚಿದವು. ಹಾಲು, ಸಕ್ಕರೆ ಹಾಕಿ ಕುದಿಸಿದ ಚಹಾ ಕೊನೆಗೆ ಹೊಲದ ಬದುವಿಗೂ ಬಂತು.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಕಪ್ಪಿಗೆ ಎರಡು ಚಮಚೆ ಸಕ್ಕರೆ. ದಿನಕ್ಕೆ ಐದು ಕಪ್. ಹತ್ತು ಚಮಚೆ, ಅಂದರೆ 40ರಿಂದ 50 ಗ್ರಾಂ. ತಿಂಗಳಿಗೆ ಒಂದೂಕಾಲು-ಒಂದೂವರೆ ಕಿಲೋ, ಬರೀ ಚಹಾದಲ್ಲಿ. ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಆರೋಗ್ಯವಂತರಿಗೆ. ಸಕ್ಕರೆ ಕಾಯಿಲೆ ಇದ್ದವರು ಅದಕ್ಕಿಂತಲೂ ಕೆಳಗೆ ಇರಬೇಕು.

ಬೆಲ್ಲ ಹಾಕಿದರೆ? ಅದೇ ಆಹಾರ ಕೋಷ್ಟಕ ನೋಡಿದರೆ 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಪಿಷ್ಟ-ಸಕ್ಕರೆಯೇ. ಕಬ್ಬಿಣದಂಥ ಖನಿಜ ಒಂದಿಷ್ಟು ಇರುತ್ತದೆ, ನಿಜ. ಆದರೆ ರಕ್ತದ ಸಕ್ಕರೆಗೆ ಬೆಲ್ಲ, ಸಕ್ಕರೆ, ಜೇನು ಮೂರೂ ಅಣ್ಣತಮ್ಮಂದಿರು. ‘ನಮ್ಮ ಗಾಣದ ಬೆಲ್ಲ, ಕೆಮಿಕಲ್ ಇಲ್ಲ’ ಎಂಬ ಮಾತು ಸಕ್ಕರೆ ಕಾಯಿಲೆಗೆ ಉತ್ತರವಲ್ಲ.

ಮೈದಾ, ಡಾಲ್ಡಾ, ಬಾಟಲಿ

1937ರಲ್ಲಿ ಡಾಲ್ಡಾ ಎಂಬ ವನಸ್ಪತಿ ಭಾರತದ ಮಾರುಕಟ್ಟೆಗೆ ಬಂತು. ತುಪ್ಪದಂತೆ ಕಾಣುವ, ತುಪ್ಪಕ್ಕಿಂತ ಅಗ್ಗದ ಗಟ್ಟಿ ಎಣ್ಣೆ. ಹಳದಿ ಡಬ್ಬಿ ಖಾಲಿಯಾದ ಮೇಲೆ ಅದರಲ್ಲೇ ತುಳಸಿ ಹಚ್ಚಿದ ಮನೆಗಳನ್ನು ನಾವು ನೋಡಿದ್ದೇವೆ. ವನಸ್ಪತಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯದ ರಕ್ತನಾಳಕ್ಕೆ ಕೆಡುಕು ಎಂದು ಗೊತ್ತಾಗಲು ಅರ್ಧ ಶತಮಾನ ಬೇಕಾಯಿತು. ಭಾರತದಲ್ಲಿ ಎಣ್ಣೆ-ಕೊಬ್ಬಿನಲ್ಲಿ ಅದರ ಮಿತಿ 2 ಪ್ರತಿಶತಕ್ಕೆ ಇಳಿದದ್ದು 2022ರ ಜನವರಿಯಲ್ಲಿ. ಸಕ್ಕರೆ ಕಾಯಿಲೆ ಇದ್ದವರಿಗೆ ಹೃದಯಾಘಾತದ ಅಪಾಯ ಮೊದಲೇ ಹೆಚ್ಚು. ಹಾಗಾಗಿ ಪಟ್ಟಿಯಲ್ಲಿ ‘ಕರಿದದ್ದು’ ಇರುವುದು ಬರೀ ಸಕ್ಕರೆಯ ಸಲುವಾಗಿ ಅಲ್ಲ, ಹೃದಯದ ಸಲುವಾಗಿಯೂ ಹೌದು. ಸಂತೆಯ ಮಿರ್ಚಿ ಭಜಿ, ಒಂದೇ ಎಣ್ಣೆಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕರಿದ ಪೂರಿ, ಇವು ಅಪರೂಪಕ್ಕಷ್ಟೇ ಇರಲಿ.

ಮೈದಾ ಎಂದರೆ ಗೋಧಿಯ ಹೊಟ್ಟನ್ನೂ ಮೊಳಕೆಯನ್ನೂ ತೆಗೆದ ಹಿಟ್ಟು. ಟೋಸ್ಟ್, ಖಾರಿ, ಬ್ರೆಡ್, ಬಿಸ್ಕಿಟ್, ಪರೋಟಾ ಎಲ್ಲಕ್ಕೂ ಅದೇ. ಹುಷಾರಿಲ್ಲದವರನ್ನು ನೋಡಲು ಹೋಗುವಾಗ ಬಿಸ್ಕಿಟ್ ಪುಡಿಕೆ, ಬ್ರೆಡ್ ಒಯ್ಯುವ ರೂಢಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಸಕ್ಕರೆ ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲೂ ಅದನ್ನೇ ಇಟ್ಟು ಬರುತ್ತೇವೆ. ‘ಶುಗರ್ ಫ್ರೀ’ ಎಂದು ಬರೆದ ಬಿಸ್ಕಿಟ್ಟಿನಲ್ಲೂ ಮೈದಾ, ಎಣ್ಣೆ ಇರಬಹುದು. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಮನೆಯ ಮಕ್ಕಳಿಂದ ಓದಿಸಿ.

ಬಾಟಲಿ ಪಾನೀಯ ಎಲ್ಲಕ್ಕಿಂತ ಹೊಸದು, ಎಲ್ಲಕ್ಕಿಂತ ಜೋರಿನದು. 300 ಮಿಲಿಲೀಟರಿನ ಸಿಹಿ ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರರಿಂದ ಎಂಟು ಚಮಚೆ ಇರುತ್ತದೆ. ಅಗಿಯುವುದಿಲ್ಲ, ನಾರಿಲ್ಲ, ನೇರವಾಗಿ ರಕ್ತಕ್ಕೆ. ಮದುವೆಯಲ್ಲಿ ಬೀಗರು ಕೈಗೆ ಕೊಟ್ಟರೆ ಬೇಡ ಎನ್ನುವುದು ಕಷ್ಟ. ಆದರೆ ಈ ಪಟ್ಟಿಯಲ್ಲಿ ಪೂರಾ ಬಿಡಬೇಕಾದದ್ದು ಒಂದನ್ನು ಆರಿಸು ಎಂದರೆ ನಾವು ಇದನ್ನೇ ಆರಿಸುತ್ತೇವೆ. ನೀರು ಮಜ್ಜಿಗೆ ಕೇಳಿ ಕುಡಿಯಿರಿ.

ಉಪವಾಸದ ಸಾಬುದಾಣಿ

ಸಾಬುದಾಣಿ ಈಗ ನಮ್ಮ ಏಕಾದಶಿ, ಶಿವರಾತ್ರಿಗಳ ಭಾಗವಾಗಿಬಿಟ್ಟಿದೆ. ಆದರೆ ಅದನ್ನು ಮಾಡುವ ಮರಗೆಣಸು ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಎರಡನೇ ಮಹಾಯುದ್ಧದಲ್ಲಿ ಮಲಯಾ ಕಡೆಯಿಂದ ಬರುತ್ತಿದ್ದ ಸಾಬುದಾಣಿ ನಿಂತಾಗ, 1940ರ ದಶಕದಲ್ಲಿ ತಮಿಳುನಾಡಿನ ಸೇಲಂ ಸುತ್ತ ಇದರ ಉದ್ಯಮ ಬೆಳೆಯಿತು. ಅಲ್ಲಿಂದ ದೇಶದ ಉಪವಾಸದ ತಾಟುಗಳಿಗೆ ಹೋಯಿತು. ಇದು ಬಹುತೇಕ ಶುದ್ಧ ಪಿಷ್ಟ. ನಾರಿಲ್ಲ, ಪ್ರೋಟೀನ್ ಇಲ್ಲದಷ್ಟು ಕಡಿಮೆ. ಒಂದು ತಾಟು ಸಾಬುದಾಣಿ ಖಿಚಡಿ, ಅದರಲ್ಲಿ ಆಲೂಗಡ್ಡೆ, ಮೇಲೆ ಬಾಳೆಹಣ್ಣು. ಸಕ್ಕರೆ ಕಾಯಿಲೆಯವರಿಗೆ ಉಪವಾಸದ ದಿನವೇ ಹೆಚ್ಚು ಏರುವ ದಿನವಾಗುತ್ತದೆ.

ಇದರ ತಿರುಗುಮುರುಗು ಅಪಾಯವೂ ಇದೆ. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಏನನ್ನೂ ತಿನ್ನದೆ ಕುಳಿತರೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಬೆವರು, ನಡುಕ, ಕಣ್ಣಿಗೆ ಕತ್ತಲೆ ಬಂದರೆ ತಡಮಾಡದೆ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಬಿಡಬೇಕಾದ ಸಕ್ಕರೆ ಆ ಹೊತ್ತಿಗೆ ಔಷಧ. ಸೋಮವಾರ ಇರಲಿ, ನವರಾತ್ರಿ ಇರಲಿ, ರಮಜಾನ್ ರೋಜಾ ಇರಲಿ, ಮುಂಚೆಯೇ ಡಾಕ್ಟರನ್ನು ಕೇಳಿ ಗುಳಿಗೆಯ ಹೊತ್ತು ಬದಲಿಸಿಕೊಳ್ಳಿ. ಸೆರೆ ಕುಡಿದು ಊಟ ಬಿಡುವವರಿಗೂ ಇದೇ ಅಪಾಯ.

ತೆಳ್ಳಗಿದ್ದವರಿಗೆ ಯಾಕೆ?

“ಅವ್ವ ದಪ್ಪ ಇಲ್ಲ, ಸಿಹಿ ಬಹಳ ತಿಂದವಳಲ್ಲ. ಅವಳಿಗ್ಯಾಕ ಬಂತು?” ಈ ಪ್ರಶ್ನೆಯನ್ನು ನಮ್ಮ ಗೆಳೆಯ ಕೇಳಿದ. ಇದಕ್ಕೆ ಉತ್ತರದ ಒಂದು ತುಣುಕು ಪುಣೆಯ ಸುತ್ತಲ ಹಳ್ಳಿಗಳಲ್ಲಿ ಸಿಕ್ಕಿದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ತಂಡ 1993ರಿಂದ ಅಲ್ಲಿನ ಆರು ಹಳ್ಳಿಗಳ ತಾಯಂದಿರನ್ನೂ ಕೂಸುಗಳನ್ನೂ ಅಳೆಯುತ್ತ ಬಂತು. ಅಲ್ಲಿ ಹುಟ್ಟಿದ ಕೂಸಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸಿನದು 3.5 ಕಿಲೋ. ಆದರೆ ನಮ್ಮ ಸಣ್ಣ ಕೂಸಿನಲ್ಲಿ ಕಡಿಮೆಯಾಗಿದ್ದು ಸ್ನಾಯು. ಚರ್ಮದಡಿಯ ಕೊಬ್ಬು ಅಷ್ಟು ಕಡಿಮೆಯಾಗಿರಲಿಲ್ಲ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಇಂಥ ಮೈಗೆ ಹೆಚ್ಚಿನ ಪಿಷ್ಟ, ಸಕ್ಕರೆ ತಡೆಯುವ ಶಕ್ತಿ ಕಡಿಮೆ ಎಂದು ತಜ್ಞರು ಹೇಳುತ್ತಾರೆ.

ಅಂದರೆ ಹಸಿವು ಕಂಡ ತಲೆಮಾರುಗಳ ಮೈಗೆ ಹೊಸ ತಾಟು ಒಮ್ಮೆಲೇ ಬಂದು ಬಿದ್ದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ಪಟ್ಟಣಗಳಲ್ಲಿ ವಯಸ್ಕರ 16.4 ಪ್ರತಿಶತ, ಹಳ್ಳಿಗಳಲ್ಲಿ 8.9 ಪ್ರತಿಶತ. ಇನ್ನೂ 13.6 ಕೋಟಿ ಜನ ಅಂಚಿನಲ್ಲಿದ್ದಾರೆ. ‘ಇದು ಸಾಹುಕಾರರ ರೋಗ’ ಎಂಬ ಮಾತು ಮುಗಿದ ಕಥೆ.

ಈಗ ತಾಟು ಹೇಗಿರಬೇಕು

ನಾವು ಡಾಕ್ಟರರಲ್ಲ. ಆರೋಗ್ಯ ಕಾರ್ಯಕರ್ತರು, ವೈದ್ಯರು ಸಾಮಾನ್ಯವಾಗಿ ಹೇಳುವುದನ್ನು ನಮ್ಮ ಊಟದ ಮಾತಿನಲ್ಲಿ ಬರೆಯುತ್ತಿದ್ದೇವೆ.

ಹೆಚ್ಚುಕಡಿಮೆ ಬಿಟ್ಟೇಬಿಡಬೇಕಾದವು: ಬಾಟಲಿ ಪಾನೀಯ, ಹಣ್ಣಿನ ಜ್ಯೂಸ್, ಸಕ್ಕರೆ-ಬೆಲ್ಲ ಹಾಕಿದ ಚಹಾ, ಮಿಠಾಯಿ, ವನಸ್ಪತಿಯಲ್ಲಿ ಕರಿದದ್ದು.

ಬಹಳ ಕಡಿಮೆ ಮಾಡಬೇಕಾದವು: ಟೋಸ್ಟ್, ಬಿಸ್ಕಿಟ್, ಬ್ರೆಡ್, ಸಾಬುದಾಣಿ, ಸುಸಲಾ, ಆಲೂಗಡ್ಡೆ, ಭಜಿ. ಉಪ್ಪಿನಕಾಯಿ, ಹಪ್ಪಳವೂ ಸೇರಲಿ, ಯಾಕೆಂದರೆ ಉಪ್ಪು ಬಿಪಿ ಏರಿಸುತ್ತದೆ, ಸಕ್ಕರೆ-ಬಿಪಿ ಎರಡೂ ಕೂಡಿದರೆ ಕಿಡ್ನಿಗೆ ಪೆಟ್ಟು.

ಅಳೆದು ಉಣ್ಣಬೇಕಾದವು: ಅನ್ನ, ರೊಟ್ಟಿ, ಚಪಾತಿ. ರೊಟ್ಟಿ ಉಂಡರೆ ಅನ್ನ ಬೇಡ, ಅನ್ನ ಬೇಕಾದರೆ ರೊಟ್ಟಿ ಕಡಿಮೆ. ತಾಟಿನ ಅರ್ಧ ಪಲ್ಯ, ಸೊಪ್ಪು, ಹಸಿ ಸೌತೆ, ಮೂಲಂಗಿ. ಕಾಲು ಭಾಗ ಬ್ಯಾಳಿ, ಕಾಳು, ಝುಣಕ, ತತ್ತಿ ಅಥವಾ ಮೀನು. ಉಳಿದ ಕಾಲು ಭಾಗ ಮಾತ್ರ ರೊಟ್ಟಿ ಅಥವಾ ಅನ್ನ. ಕಿಡ್ನಿ ತೊಂದರೆ ಇದ್ದವರು ಬ್ಯಾಳಿಯ ಪ್ರಮಾಣವನ್ನೂ ಡಾಕ್ಟರಿಗೆ ಕೇಳಬೇಕು.

ಹಣ್ಣು ನಿಷೇಧವಲ್ಲ. ಪೇರಲ ಅರ್ಧ, ಪಪ್ಪಾಯಿ ಒಂದೆರಡು ಹೋಳು ಆಗಬಹುದು. ಮಾವು, ಬಾಳೆ, ಚಿಕ್ಕು, ದ್ರಾಕ್ಷಿ, ನಮ್ಮ ಬೀದರ್ ಸೀತಾಫಲ ಬಹಳ ಸಿಹಿ. ಆಸೆಗೆ ಸ್ವಲ್ಪ ತಿಂದರೆ ಅವತ್ತು ಅನ್ನ-ರೊಟ್ಟಿ ಅಷ್ಟು ಕಡಿಮೆ ಮಾಡಬೇಕು.

ಊಟವಾದ ಮೇಲೆ ಕಟ್ಟೆಯ ಮೇಲೆ ಕೂಡದೆ ಹತ್ತು ಹದಿನೈದು ನಿಮಿಷ ನಡೆಯಿರಿ. 30 ದಾಟಿದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ಎರಡನ್ನೂ ತೋರಿಸಿಕೊಳ್ಳಿ.

ಇನ್ನು ಒಂದು ಮಾತು ಮನೆಯ ಉಳಿದವರಿಗೆ. ಪಥ್ಯ ಒಬ್ಬರ ತಲೆಯ ಮೇಲೆ ಹೊರಿಸಿ ಉಳಿದವರು ಹೋಳಿಗೆ ಉಣ್ಣುತ್ತ ಕುಳಿತರೆ ಅದು ನಡೆಯುವುದಿಲ್ಲ. ಅಡಿಗೆ ಮಾಡುವವಳೇ ರೋಗಿಯಾದರೆ ಇನ್ನೂ ಕಷ್ಟ. ಎಲ್ಲರಿಗೂ ಅನ್ನ ಮಾಡಿ, ತನಗೊಬ್ಬಳಿಗೆ ರೊಟ್ಟಿ ಬಡಿಯಲು ಅವಳಿಗೆ ಹೊತ್ತೂ ಇಲ್ಲ, ಮನಸ್ಸೂ ಬರುವುದಿಲ್ಲ. ಉಳಿದ ಅನ್ನ ಕೆಡಬಾರದೆಂದು ತಿನ್ನುವವಳೂ ಅವಳೇ.

ಹಲಬರ್ಗಾದ ಆ ಮನೆಯಲ್ಲಿ ಈಗ ಮಗ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬರುತ್ತಾನೆ. ಸೊಸೆ, ಅತ್ತೆ ಇಬ್ಬರೂ ಒಂದು ಹೊತ್ತು ಕಟಗು ರೊಟ್ಟಿ ಬಡಿದಿಟ್ಟು ವಾರವಿಡೀ ಉಣ್ಣುತ್ತಾರೆ. ಚಹಾ ದಿನಕ್ಕೆ ಎರಡೇ, ಸಕ್ಕರೆ ಇಲ್ಲ. ಹಿತ್ತಲಲ್ಲಿ ಪುಂಡಿ, ಮೆಂತೆ ಹಾಕಿದ್ದಾರೆ. ಸೋಮವಾರದ ಉಪವಾಸ ಬಿಟ್ಟಿಲ್ಲ, ಸಾಬುದಾಣಿ ಬಿಟ್ಟಿದ್ದಾರೆ. ಗುಳಿಗೆ ನಡೆದಿದೆ. ಮುಂದಿನ ಸಲ ತೋರಿಸಿದಾಗ ಸಕ್ಕರೆ ಇಳಿದಿತ್ತು. ಇನ್ನೂ ಇಳಿಯಬೇಕು ಎಂದಿದ್ದಾರೆ ಡಾಕ್ಟರು.

ನಿಮ್ಮ ಮನೆಯ ಹಿರಿಯರ ಹತ್ತಿರ ಇವತ್ತು ಸಂಜೆ ಕುಳಿತು ಒಂದು ಪ್ರಶ್ನೆ ಕೇಳಿ: “ನೀವು ಸಣ್ಣವರಿದ್ದಾಗ ಒಂದು ದಿನಕ್ಕೆ ಏನೇನು ಉಣ್ಣುತ್ತಿದ್ದಿರಿ?” ಅವರು ಹೇಳಿದ್ದನ್ನು ಬರೆದುಕೊಳ್ಳಿ. ಆಮೇಲೆ ನಿನ್ನೆ ನೀವು ಉಂಡದ್ದನ್ನು ಅದರ ಪಕ್ಕದಲ್ಲಿ ಬರೆಯಿರಿ. ಡಾಕ್ಟರ ಚೀಟಿಯ ಹಿಂದಿನ ಪಟ್ಟಿಯನ್ನು ಆ ಎರಡರ ನಡುವೆ ಇಟ್ಟು ನೋಡಿದರೆ, ಎಲ್ಲಿಂದ ಶುರು ಮಾಡಬೇಕೆಂದು ನಿಮಗೇ ಗೊತ್ತಾಗುತ್ತದೆ.